ತಳದಲ್ಲಿ ತೂತಿರುವ ತೊಟ್ಟಿ

ಒಂದು ತೊಟ್ಟಿ. ಮೊದಲ ನಲ್ಲಿ ಅದನ್ನು ಆರು ತಾಸಿನಲ್ಲಿ ತುಂಬುತ್ತದೆ,
ಎರಡನೆಯದು ಹನ್ನೆರಡರಲ್ಲಿ.
ತಳದಲ್ಲೊಂದು ತೂತು; ತುಂಬಿದ್ದನ್ನು ಎಂಟು ತಾಸಿನಲ್ಲಿ ಬರಿದು ಮಾಡುತ್ತದೆ.
ಮೂರನ್ನೂ ಒಟ್ಟಿಗೇ ತೆರೆದರೆ...

ವಿಲ್ಮರ್ ಗಟ್ಟಿಯಾಗಿ ಓದುತ್ತಾನೆ.
ಮೇಜಿನ ಈ ತುದಿಯಲ್ಲಿ ನಾನು ಬೆಳ್ಳುಳ್ಳಿ ಸುಲಿಯುತ್ತೇನೆ,
ಮೂಟೆ ಲೆಕ್ಕದಲ್ಲಿ ಕೂಲಿ, ಉಗುರ ಸಂದಿಯಲ್ಲಿ ಉರಿ.
ಹೊರಗೆ ಲಿಮಾದ ಮಂಜು ಗುಡ್ಡವನ್ನು ನುಂಗಿದೆ,
ಕೆಳಗಿನ ದೀಪಗಳು ಇವೆಯೆಂದು ನಂಬಬೇಕು ಅಷ್ಟೆ.

‘ಎರಡೆರಡು ನಲ್ಲಿ ಯಾರ ಮನೆಯಲ್ಲೋ?’
‘ಯಾರ ಮನೆಯಲ್ಲೂ ಅಲ್ಲಮ್ಮ, ಲೆಕ್ಕದಲ್ಲಿ.’

ಹಂತ ಹಂತವಾಗಿ ಬರೆಯಬೇಕಂತೆ,
ನಿಲ್ದಾ ಟೀಚರ್ ಹಂತಕ್ಕೊಂದು ಅಂಕ ಕೊಡುತ್ತಾರೆ.
ರಸ್ತೆಯಿಂದ ನಮ್ಮ ಬಾಗಿಲಿಗೆ ನೂರ ನಲವತ್ತು ಮೆಟ್ಟಿಲು,
ಬಕೆಟ್ಟು ಹೊತ್ತು ಹತ್ತುವಾಗ
ನನಗೂ ಯಾರಾದರೂ ಕೊಡಬಹುದಿತ್ತು.

ಒಂದು ತಾಸಿಗೆ ಎಷ್ಟು, ಮೊದಲು ಅದು ಬೇಕು.
ಆರರಲ್ಲೊಂದು ಪಾಲು, ಹನ್ನೆರಡರಲ್ಲೊಂದು, ಎಂಟರಲ್ಲೊಂದು.
ಪಾಲು ನನಗೆ ಗೊತ್ತು;
ಒಂದು ರೊಟ್ಟಿ, ಆರು ಮಕ್ಕಳು, ನಾನು ಐದನೆಯವಳು.
ಲಸಾಅ ಗೊತ್ತಿಲ್ಲ. ಮೂರಕ್ಕೂ ಒಗ್ಗುವ ಒಂದು ಸಂಖ್ಯೆಯಂತೆ,
ಜಗಳ ಬಿಡಿಸಲು ಬಂದ ಹಿರಿಯನಂತೆ
ಇಪ್ಪತ್ನಾಲ್ಕು ಬಂದು ಕೆಳಗೆ ಕೂತಿತು.
ಮೇಲೆ ನಾಲ್ಕು, ಎರಡು, ಮೂರು.
ಕೂಡಿದ: ಒಂಬತ್ತು.
ತಲೆಕೆಳಗು ಮಾಡಿ ಭಾಗಿಸಿದ: ಎರಡು ತಾಸು ನಲವತ್ತು ನಿಮಿಷ.
ಉತ್ತರದಡಿ ಎರಡು ಗೆರೆ ಎಳೆದ, ಸ್ಕೇಲಿಟ್ಟು.

‘ತೂತು ಇಲ್ಲದಿದ್ದರೆ?’ ಅಂದೆ, ಸುಮ್ಮನೆ.
ಅಂಚಿನಲ್ಲಿ ಸಣ್ಣಗೆ ಬರೆದು ನೋಡಿದ. ‘ನಾಲ್ಕು ತಾಸು.’
‘ಹಾಗಾದರೆ ತೂತು ಕೊರೆದರೆ ಬೇಗ ತುಂಬುತ್ತದೆ ಅನ್ನು!’
ನಗು ತಡೆಯಲಾಗಲಿಲ್ಲ, ಬೆಳ್ಳುಳ್ಳಿ ಸಿಪ್ಪೆ ಹಾರಿ
ಅವನ ಪಟ್ಟಿಯ ಮೇಲೆಲ್ಲ.
ಅವನು ನಗಲಿಲ್ಲ. ಕಿವಿ ಕೆಂಪಾಯಿತು.

ಬಾಗಿಲ ಹೊರಗಿನ ನಮ್ಮ ನೀಲಿ ಡ್ರಮ್ಮು ನೋಡಿದೆಯಲ್ಲ,
ತಳದಿಂದ ಗೇಣು ಮೇಲೆ ಕೂದಲಿನಂಥ ಬಿರುಕು.
ಮಂಗಳವಾರ, ಶುಕ್ರವಾರ ಹಿಲಾರಿಯೋನ ಟ್ಯಾಂಕರು,
ಅವನು ಪೈಪು ಎತ್ತುವ ಮೊದಲು
ನಾನು ಸಾಬೂನು ಮೆದ್ದು ಹೆಬ್ಬೆರಳಲ್ಲಿ ಒತ್ತುತ್ತೇನೆ.
ಒಮ್ಮೆ ರಾತ್ರಿ ಸಾಬೂನು ಬಿಟ್ಟುಕೊಂಡಿತು.
ಬೆಳಿಗ್ಗೆ ಅಂಗಳದ ತುಂಬ ಕೆಸರು,
ಕೆಸರಲ್ಲಿ ಪಕ್ಕದ ಮನೆ ನಾಯಿಯ ಹೆಜ್ಜೆ, ಡ್ರಮ್ಮಿನಲ್ಲಿ ಮೊಣಕಾಲುದ್ದ ನೀರು.
ಅಂದು ಯಾರೂ ನನಗೆ ಸೂತ್ರ ಹೇಳಿಕೊಡಲಿಲ್ಲ.
ಹೋದದ್ದನ್ನು ಕೂಡುವುದಲ್ಲ ಮಗನೇ, ಕಳೆ.

ರಬ್ಬರು ಉಜ್ಜಿ ಉಜ್ಜಿ ಹಾಳೆಯೇ ತೂತಾಯಿತು.
ಪಕ್ಕದಲ್ಲಿ ಮತ್ತೆ ಬರೆದ. ಮೂರರ ಹಿಂದೆ ಈಗ
ಒಂದು ಸಣ್ಣ ಅಡ್ಡಗೆರೆ, ಸಿಪ್ಪೆಯ ನಾರಿನಷ್ಟು.
ನಾಲ್ಕು, ಎರಡು, ಕೂಡಿ ಆರು. ಮೂರು ಹೋಗಿ ಮೂರು.
ಇಪ್ಪತ್ನಾಲ್ಕರಲ್ಲಿ ಮೂರು.
‘ಎಂಟು ತಾಸು,’ ಅಂದ, ಈ ಸಲ ಗೆರೆ ಎಳೆಯಲಿಲ್ಲ.

ತಾಳೆ ನೋಡಬೇಕಂತೆ, ಅದಕ್ಕೂ ಅಂಕವಿದೆ.
ಎಂಟು ತಾಸಿನಲ್ಲಿ ಎರಡೂ ನಲ್ಲಿ ಸೇರಿ ಎಷ್ಟು ಸುರಿದವು?
ಬೆರಳು ಮಡಚಿದ, ಬಿಚ್ಚಿದ, ನನ್ನತ್ತ ನೋಡಿದ.
‘ಎರಡು ತೊಟ್ಟಿ, ಅಮ್ಮ. ಪೂರ್ತಿ ಎರಡು.
ಒಂದು ನಿಂತಿತು. ಒಂದು ಹೋಯಿತು.’
ಸರಿಯಾಗಿದೆ ಎಂದು ಪಕ್ಕದಲ್ಲಿ ಗುರುತು ಹಾಕಿದ.
ಹೋದ ಆ ತೊಟ್ಟಿ ಎಲ್ಲಿಗೆ ಹೋಯಿತು,
ಆ ನೀರಿಗೆ ದುಡ್ಡು ಕೊಟ್ಟವರು ಯಾರು,
ಪುಸ್ತಕ ಕೇಳುವುದಿಲ್ಲ.
ನಾನೂ ಕೇಳಲಿಲ್ಲ, ಇನ್ನೂ ಅರ್ಧ ಮೂಟೆ ಇತ್ತು.

ಮುಂದಿನದು ರೈಲಿನದು, ಎರಡು ಊರು, ಎರಡು ರೈಲು,
ಒಂದು ಏಳಕ್ಕೆ ಹೊರಡುತ್ತದಂತೆ, ಸರಿಯಾಗಿ ಏಳಕ್ಕೆ.
ನಮ್ಮ ಹುವಾನ್ಕವೆಲಿಕಾದ ರೈಲು
ಮನಸ್ಸು ಬಂದಾಗ ಹೊರಡುತ್ತಿತ್ತು, ಆದಾಗ ತಲುಪುತ್ತಿತ್ತು.
ಓದು, ಓದು. ಇದೇನು ಮಾಡುತ್ತದೋ ನೋಡೋಣ.